ಅಮಾವಾಸ್ಯೆಯ ದಿನ ಬಂದ್ ಆಗದ ಕಂಪ್ಯೂಟರು

ಏರಿಸಿದ ಕಲ್ಲನ್ನು ಇಳಿಸುವುದು ಏರಿಸುವುದಕ್ಕಿಂತ ಕಷ್ಟ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಶಹಾಬಾದಿನ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಯಾರ್ಡುಗಳಲ್ಲಿ ಹನ್ನೊಂದು ವರ್ಷ ಹಮಾಲಿ ಮಾಡಿದ ನನ್ನ ಸೊಂಟಕ್ಕೆ ಗೊತ್ತು. ಏರಿಸುವಾಗ ಕೆಳಗಿನವ ಕೊಡುತ್ತಾನೆ, ಮೇಲಿನವ ಅಂಚು ಹಿಡಿದು ನಿಲ್ಲಿಸುತ್ತಾನೆ, ಕಲ್ಲು ಲಾರಿಯ ಪಕ್ಕಕ್ಕೆ ಒರಗಿಕೊಂಡು ಸುಮ್ಮನಾಗುತ್ತದೆ. ಇಳಿಸುವಾಗ ಅದೇ ಕಲ್ಲು ಮೈಮೇಲೆ ಬರುತ್ತದೆ. ಬೆರಳು ಸಿಕ್ಕರೆ ಬೆರಳು, ಕಾಲು ಸಿಕ್ಕರೆ ಕಾಲು. ಅದಕ್ಕೇ ನಮ್ಮ ಕಡೆ ಹಮಾಲರು ಜಗಳ ತೆಗೆದರೆ ಬೈಯುವ ಮಾತು ಒಂದೇ: "ನಿನ್ನ ಗಾಡಿ ಇಳ್ಸೋ ಪಾಳಿ ಬರ್ಲಿ!"

ಆ ಪಾಳಿ ನಮ್ಮ ಕಾಂಟಾದಲ್ಲಿ ವಾರಕ್ಕೆ ಮೂರು ಸಲ ಬರತೊಡಗಿತು. ಕಂಪ್ಯೂಟರು ಬಂದ ಮೇಲೆ.

ಕಾಂಟಾ ಎಂದರೆ ಲಾರಿ ತೂಗುವ ಜಾಗ. ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಬದಿಗೆ ನೆಲಮಟ್ಟದ ದೊಡ್ಡ ಕಬ್ಬಿಣದ ಹಲಗೆ, ಅದರ ಪಕ್ಕಕ್ಕೆ ಗಾಜಿನ ಕಿಟಕಿಯ ಒಂದು ಕೋಣೆ. ಲಾರಿ ಮೊದಲು ಖಾಲಿ ಬಂದು ಹಲಗೆಯ ಮೇಲೆ ನಿಲ್ಲುತ್ತದೆ, ಖಾಲಿ ತೂಕ ಕಂಪ್ಯೂಟರಿಗೆ ಹೋಗುತ್ತದೆ. ಆಮೇಲೆ ಖಣಿಗೋ ಯಾರ್ಡಿಗೋ ಹೋಗಿ ಕಲ್ಲು ತುಂಬಿಕೊಂಡು ಮತ್ತೆ ಬರುತ್ತದೆ. ಎರಡನೇ ತೂಕದಲ್ಲಿ ಮೊದಲನೆಯದನ್ನು ಕಳೆದು ಕಂಪ್ಯೂಟರು ಚೀಟಿ ಮುದ್ರಿಸುತ್ತದೆ. ಇಷ್ಟೇ ವ್ಯವಹಾರ. ನಾನು ಹಮಾಲಿ ಬಿಟ್ಟು ಅಲ್ಲಿಗೆ ಸೇರಿದಾಗ ಲಾರಿಗೆ ಕೈ ತೋರಿಸಿ ಹಲಗೆಯ ಮೇಲೆ ನಿಲ್ಲಿಸುವುದು ನನ್ನ ಕೆಲಸ. ಎರಡು ವರ್ಷ ಕಿಟಕಿಯ ಹೊರಗೆ ನಿಂತು ಒಳಗೆ ನಡೆಯುವುದನ್ನು ನೋಡಿದೆ. ಒಳಗಿದ್ದವ ಒಂದು ದಿನ ಹೇಳದೆ ಕೇಳದೆ ಸಿಮೆಂಟ್ ಕಾರ್ಖಾನೆಗೆ ಸೇರಿದ. ಕಾಂಟಾದ ಸಾವುಕಾರರು ತಲೆಯ ಮೇಲೆ ಕೈ ಹೊತ್ತು ನಿಂತಾಗ ನಾನು ಒಳಗೆ ಹೋಗಿ ಕುರ್ಚಿಯ ಮೇಲೆ ಕುಳಿತು ನಾಲ್ಕು ಲಾರಿ ತೂಗಿ ತೋರಿಸಿದೆ. ಅವತ್ತಿನಿಂದ ಎರಡನೇ ಪಾಳಿ ನನ್ನದಾಯಿತು. ನಾನು ಕಲಿತದ್ದು ಏಳನೇ ಇಯತ್ತೆ. ಚಿತ್ತಾಪುರ ತಾಲೂಕಿನ ನಮ್ಮೂರ ಶಾಲೆ ಬಿಟ್ಟು ಅಪ್ಪನ ಜೊತೆ ಖಣಿಗೆ ಇಳಿದವನು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ.

ಮೊದಲನೇ ಪಾಳಿಯವನು ನನಗಿಂತ ಐದಾರು ವರ್ಷ ಚಿಕ್ಕವನು, ಮೆಟ್ರಿಕ್ ಪಾಸಾದವನು. ಅವನೂ ಖಣಿ ಕೆಲಸದವರ ಮನೆಯವನೇ. ಖಣಿಯವರಲ್ಲಿ ಒಂದು ರಿವಾಜು ಉಂಟು. ಕೆಲಸ ಮುಗಿದ ಮೇಲೆ ತನ್ನ ಸುತ್ತಿಗೆ, ಉಳಿ, ಹಾರೆ ಯಾವುದನ್ನೂ ಖಣಿಯಲ್ಲಿ ಬಿಡುವಂತಿಲ್ಲ. ನನ್ನ ಸುತ್ತಿಗೆ ಮುಂದಿನವನ ಕೈಗೆ ಹೋದರೆ ಅವನು ಒಡೆದ ಕಲ್ಲಿನ ತಪ್ಪೂ ನನ್ನ ಸುತ್ತಿಗೆಗೇ ಬರುತ್ತದೆ ಎಂಬ ನಂಬಿಕೆ. ಈ ಹುಡುಗ ಆ ರಿವಾಜನ್ನು ಹಾಗೆಯೇ ಕಂಪ್ಯೂಟರಿಗೆ ತಂದಿದ್ದ. ವಾಡಿ ಕಡೆಯಿಂದ ಕಾರ್ಖಾನೆಯ ಎರಡು ಗಂಟೆಯ ಭೋಂಗಾ ಕೂಗಿದ್ದೇ ತಡ, ಮೌಸಿಗೆ ಕೈ ಹಾಕಿ ಕಂಪ್ಯೂಟರನ್ನು ಪೂರಾ ಬಂದ್ ಮಾಡಿ, ಅದರ ಮೇಲೆ ಬಟ್ಟೆ ಹೊದಿಸಿ, ಎದ್ದು ಬಿಡುತ್ತಿದ್ದ.

"ನಿಂದು ನೀ ಚಾಲು ಮಾಡ್ಕೋ ಅಣ್ಣ. ನನ್ನ ಪಾಳ್ಯಾಗ ನಿನ್ನ ತೂಕ ಬ್ಯಾಡ, ನಿನ್ನ ಪಾಳ್ಯಾಗ ನಂದು ಬ್ಯಾಡ."

ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಕೆಟ್ಟದ್ದು ಇದ್ದದ್ದು ಆ ತೂಕದ ಪ್ರೋಗ್ರಾಮಿನಲ್ಲಿ. ಯಾರೋ ಸೋವಿಯಲ್ಲಿ ಬರೆದುಕೊಟ್ಟು ಹೈದರಾಬಾದಿಗೆ ಹೋಗಿದ್ದ. ಅದು ಖಾಲಿ ತೂಕವನ್ನು ಎಲ್ಲಿಯೂ ಬರೆದಿಡುತ್ತಿರಲಿಲ್ಲ, ಬರೀ ನೆನಪಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಕಂಪ್ಯೂಟರು ಬಂದ್ ಆದರೆ ನೆನಪೂ ಹೋಯಿತು. ಮುಂಜಾನೆ ಖಾಲಿ ತೂಗಿ ಹೋದ ಲಾರಿ ಮೂರು ಗಂಟೆಗೆ ತುಂಬಿಕೊಂಡು ಬಂದರೆ ನನ್ನ ಪರದೆಯ ಮೇಲೆ ಆ ಗಾಡಿಯ ಸುದ್ದಿಯೇ ಇಲ್ಲ. ಆಗ ಒಂದೇ ದಾರಿ. ಕಲ್ಲು ಇಳಿಸು, ಖಾಲಿ ತೂಗು, ಮತ್ತೆ ಏರಿಸು.

ಇಳಿಸುವವರು ನನ್ನ ಹಳೆಯ ಹಮಾಲರ ಟೋಳಿಯವರೇ. ಅವರ ಹಿರಿಯನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಅರವತ್ತು ದಾಟಿದ್ದ, ಎಡಗೈಯ ಎರಡು ಬೆರಳಿಗೆ ಉಗುರು ಇರಲಿಲ್ಲ. ಗಾಡಿಗೆ ಒಂದು ಸಲ ಏರಿಸಿದರೆ ಕೂಲಿ, ನಡುವೆ ಇಳಿಸಿದ್ದು ಯಾರ ಲೆಕ್ಕದಲ್ಲೂ ಕೆಲಸವಲ್ಲ. ಬಿಸಿಲಲ್ಲಿ ಕಾದ ಕಲ್ಲುಗಳನ್ನು ಗೋಣಿಚೀಲದ ತುಂಡು ಹಿಡಿದು ಇಳಿಸುತ್ತ ಕಾಕಾ ನನ್ನ ಕಿಟಕಿಯ ಕಡೆ ನೋಡಿ ಕೂಗುತ್ತಿದ್ದ.

"ಏ ಕಂಪ್ಯೂಟರ್ ಸಾಹೇಬ! ಗಾಜಿನ ಒಳಗ ತಂಪದ ಏನು? ನಿನ್ನ ಡಬ್ಬಿಗಿಂತ ನಮ್ಮ ಮನಿ ಎಮ್ಮಿ ಛಲೋ. ಮುಂಜಾನಿ ಯಾರು ಹುಲ್ಲು ಹಾಕ್ಯಾರ ಅಂತ ಸಂಜಿತನಕ ನೆನಪು ಇಟ್ಗೊಂತದ."

ಟೋಳಿಯವರೆಲ್ಲ ನಗುತ್ತಿದ್ದರು. ನನಗೆ ಮಾತ್ರ ಕುರ್ಚಿಯ ಮೇಲೆ ಕುಂಡಿ ಊರಲು ಆಗುತ್ತಿರಲಿಲ್ಲ.

ಮೊದಲು ಸೀದಾ ದಾರಿ ಹಿಡಿದೆ. ಎರಡು ನೂರು ಪುಟದ ನೋಟುಬುಕ್ಕು ತಂದು, ಮುಂಜಾನೆಯಿಂದಲೇ ಬಂದು ಕುಳಿತು ಪ್ರತಿ ಖಾಲಿ ತೂಕವನ್ನೂ ಬರೆದಿಟ್ಟೆ. ಅದನ್ನು ಮ್ಯಾನೇಜರಿಗೆ ಒಯ್ದು ತೋರಿಸಿದೆ. ಅವರು ಗುಲ್ಬರ್ಗಾದಲ್ಲಿ ಬಿ.ಕಾಂ. ಮಾಡಿದವರು, ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪುಸ್ತಕ ತೆರೆದೂ ನೋಡಲಿಲ್ಲ.

"ಕೈಲೆ ಬರ್ದ ತೂಕ ತೂಕ ಅಲ್ಲಪಾ. ಕಲ್ಲು ತಗೊಳ್ಳೋ ಪಾರ್ಟಿಯವ್ರು ಒಪ್ಪಲ್ಲ. ಎರಡೂ ತೂಕ ಮಷೀನಿನ ಚೀಟಿ ಮ್ಯಾಲೇ ಬರಬೇಕು."

"ಹಂಗಾರ ಎರಡು ಗಂಟೆಗೆ ಬಂದ್ ಮಾಡಬ್ಯಾಡ ಅಂತ ಅವಂಗ ಹೇಳ್ರಿ ಸಾಹೇಬ್ರ."

"ಮಷೀನಿಗೂ ವಿಶ್ರಾಂತಿ ಬೇಕು. ನೀ ಏಳನೇತ್ತ ಕಲ್ತವ, ನಿನಗ ಇದೆಲ್ಲ ತಿಳಿಯಲ್ಲ. ಗಾಡಿ ತೂಗು ಹೋಗು."

ತೂಗಿದೆ. ಆದರೆ ಅವತ್ತೇ ತೀರ್ಮಾನ ಮಾಡಿದೆ. ಮನುಷ್ಯರು ಕೇಳದಿದ್ದರೆ ಆ ಡಬ್ಬಿಗೇ ಕೇಳಿಸುತ್ತೇನೆ. ಒಳಗೆ ಗಾಡಿ ಬಾಕಿ ಇರುವ ತನಕ ಅದು ಬಂದ್ ಆಗಬಾರದು. ಯಾರು ಒತ್ತಿದರೂ ಆಗಬಾರದು.

ನಮ್ಮ ಕಡೆ ಕಲ್ಲಿನ ಕೆಲಸಕ್ಕೆ ಭಾನುವಾರ ರಜೆ ಇಲ್ಲ, ಅಮಾವಾಸ್ಯೆಗೆ ಉಂಟು. ಅಂದು ಸುತ್ತಿಗೆ ಎತ್ತುವಂತಿಲ್ಲ, ಹಾರೆ ಆಡಿಸುವಂತಿಲ್ಲ. ಮುಂಜಾನೆ ಸಾಮಾನುಗಳನ್ನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಮಲಗಿಸಿಬಿಡುತ್ತಾರೆ. ಕಾಂಟಾದ ಹಲಗೆಗೂ ಪೂಜೆ. ಪೂಜೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಕಾವಲಿಗೆ ನಾನೇ ಇರುತ್ತೇನೆ ಎಂದು ಕೇಳಿ ಕೀಲಿ ಇಸಿದುಕೊಳ್ಳುತ್ತಿದ್ದೆ. ಕಾವಲು ನೆಪ. ಬಾಗಿಲು ಹಾಕಿಕೊಂಡು ಕಂಪ್ಯೂಟರು ಚಾಲು ಮಾಡುತ್ತಿದ್ದೆ. ಅಮಾವಾಸ್ಯೆಯಂದು ನಾನು ಸುತ್ತಿಗೆ ಎತ್ತಿದ್ದು ಹಾಗೆ.

ನನಗೆ ಕಲಿಸಿದವರು ಯಾರೂ ಇಲ್ಲ. ಶಹಾಬಾದಿನ ಕಂಪ್ಯೂಟರ್ ಕ್ಲಾಸಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೇಳಿದ್ದರು, ಎದ್ದು ಬಂದಿದ್ದೆ. ಆ ಕಂಪ್ಯೂಟರಿನಲ್ಲಿ ಲೆಕ್ಕದ ಎಕ್ಸೆಲ್ ಇತ್ತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ನಾವು ಮಾಡಿದ್ದನ್ನೆಲ್ಲ ಅದು ತನ್ನ ಭಾಷೆಯಲ್ಲಿ ಬರೆದುಕೊಳ್ಳುತ್ತದೆ. ಮ್ಯಾಕ್ರೋ ಎನ್ನುತ್ತಾರೆ. ನಾನು ಒಂದು ಸಣ್ಣ ಕೆಲಸ ಮಾಡುವುದು, ಅದು ಏನು ಬರೆಯಿತು ಎಂದು ತೆಗೆದು ನೋಡುವುದು. ಖಣಿಯಲ್ಲಿ ಅಪ್ಪ ನನಗೆ ಕಲ್ಲಿನ ಎಳೆ ತೋರಿಸಿದ್ದೂ ಹೀಗೆಯೇ. ತಾನು ಒಂದು ಪೆಟ್ಟು ಹಾಕಿ, "ನೋಡು, ಎಲ್ಲಿಂದ ಎಲ್ಲಿಗೆ ಬಿಟ್ಟದ" ಎನ್ನುತ್ತಿದ್ದ.

ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ಈಗಲೂ ಕೆಲವರು ಕೇಳುತ್ತಾರೆ. ಅಕ್ಷರ ಬರುತ್ತಿತ್ತು, ಲಾರಿಗಳ ನಂಬರ್ ಓದಿ ಓದಿ. ಶಬ್ದಗಳೂ ಎಲ್ಲೆಲ್ಲಿಂದಲೋ ಬಂದವು. ಬರೆಯುವ ಕಿಟಕಿಯ ಮೇಲ್ಗಡೆ ಒಂದು ಪಟ್ಟಿ ಇಳಿಯುತ್ತಿತ್ತು, ಅದರಲ್ಲಿ 'ಬಿಫೋರ್ ಕ್ಲೋಸ್' ಎಂದಿತ್ತು. ಬಿಫೋರ್ ನನಗೆ ಗೊತ್ತು. ನನ್ನ ಹೆಂಡತಿಯ ಗುಳಿಗೆ ಚೀಟಿಯ ಮೇಲೆ ಡಾಕ್ಟರು ಊಟಕ್ಕೆ ಬಿಫೋರ್ ಎಂದು ಬರೆಯುತ್ತಿದ್ದರು. ಕ್ಲೋಸ್ ಯಾರಿಗೆ ಗೊತ್ತಿಲ್ಲ? ಅದರ ಕೆಳಗೆ ಅದೇ ತಾನಾಗಿ 'ಕ್ಯಾನ್ಸಲ್' ಎಂಬ ಮಾತು ಎತ್ತುತ್ತಿತ್ತು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾದವನಿಗೆ ಕ್ಯಾನ್ಸಲ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಇನ್ನು 'ಟ್ರೂ'. ಅದು ಝೆರಾಕ್ಸಿನ ಮೇಲೆ ಗೆಜೆಟೆಡ್ ಆಫೀಸರು ಒತ್ತುವ ಟ್ರೂ ಕಾಪಿಯ ಟ್ರೂ, ಖರೇ. ಮುಚ್ಚುವುದಕ್ಕೆ ಮೊದಲು, ರದ್ದು, ಖರೇ. ನನ್ನ ಹುಕುಂ ಇಷ್ಟೇ. ಇದಕ್ಕೆ ಮೂರು ಅಮಾವಾಸ್ಯೆ ಬೇಕಾದವು.

ಆ ಕಂಪ್ಯೂಟರಿನ ಒಂದು ಗುಣ ನನಗೆ ಬಹಳ ಹಿಡಿಸಿತು. ಬಂದ್ ಮಾಡು ಎಂದರೆ ಅದು ಥಟ್ಟನೆ ಬಂದ್ ಆಗುವುದಿಲ್ಲ. ತೆರೆದಿರುವ ಒಂದೊಂದು ಪ್ರೋಗ್ರಾಮನ್ನೂ ಮೊದಲು ಕೇಳುತ್ತದೆ, ಮುಚ್ಚಲೇ ಎಂದು. ಎಲ್ಲವೂ ಹೂಂ ಎಂದರೆ ಮಾತ್ರ ಮುಚ್ಚುತ್ತದೆ. ಯಾವುದಾದರೂ ಒಂದು, ಎಷ್ಟೇ ಸಣ್ಣದಿರಲಿ, ಇಲ್ಲ ಎಂದರೆ ಇಡೀ ಕಂಪ್ಯೂಟರು ನಿಂತುಕೊಳ್ಳುತ್ತದೆ. ಹನ್ನೊಂದು ವರ್ಷ ಹಮಾಲಿ ಮಾಡಿದವನಿಗೆ ಯಾರೂ ಹಾಗೆ ಕೇಳಿರಲಿಲ್ಲ.

ಒಂದು ಹಾಳೆ ಮಾಡಿದೆ. ಗಾಡಿ ಖಾಲಿ ತೂಗಿದ ಕೂಡಲೇ ಅದರ ನಂಬರ್ ಹಾಳೆಯಲ್ಲಿ ಹಾಕಬೇಕು. ತುಂಬಿ ಬಂದು ಚೀಟಿ ಮುದ್ರಿಸಿದ ಮೇಲೆ ಒಂದು ಗುಂಡಿ ಒತ್ತಿ ಅಳಿಸಬೇಕು, ಆ ಗುಂಡಿ ಯಾವುದೆಂದು ಎರಡು ಪಾಳಿಯ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಹಾಳೆಯಲ್ಲಿ ಒಂದೇ ಒಂದು ನಂಬರ್ ಇದ್ದರೂ ಆ ಹಾಳೆ ಮುಚ್ಚುವುದಿಲ್ಲ, ಹಾಗಾಗಿ ಕಂಪ್ಯೂಟರೂ ಬಂದ್ ಆಗುವುದಿಲ್ಲ. ಮೊದಲನೇ ಪಾಳಿಯವನಿಗೆ ಅರ್ಧ ಮಾತ್ರ ಹೇಳಿದೆ.

"ತಮ್ಮ, ಬರೀ ನಂಬರ್ ಹಾಕ್ಕೋತ ಹೋಗು, ಚೀಟಿ ಬಂದ್ರ ಅಳ್ಸಿಬಿಡು. ನನಗ ಹುಡುಕಾಕ ಅನುಕೂಲ."

"ಅಷ್ಟೇ ಏನು? ಹಾಕ್ತೀನಿ ಬಿಡಣ್ಣ."

ಮರುದಿನ ಎರಡು ಗಂಟೆಗೆ ಭೋಂಗಾ ಕೂಗಿತು. ಅವನು ಎಂದಿನಂತೆ ಬಂದ್ ಮಾಡು ಎಂದು ಒತ್ತಿ, ಹೊದಿಸುವ ಬಟ್ಟೆ ಕೈಗೆ ತೆಗೆದುಕೊಂಡ. ಪರದೆಯ ಮೇಲೆ ಒಂದು ಸಣ್ಣ ಚೌಕ ಬಂತು. ನಾನು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆದಿದ್ದೆ. 'ಗಾಡಿ ಒಳಗ ಅದ. ಬಂದ್ ಆಗಲ್ಲ.' ಅವನು ಮತ್ತೆ ಒತ್ತಿದ. ಮತ್ತೆ ಅದೇ. ಲಾಗಾಫ್ ಎಂದು ಒತ್ತಿದ. ಅದಕ್ಕೂ ಅದೇ ಉತ್ತರ. ಬಟ್ಟೆ ಹಿಡಿದುಕೊಂಡೇ ಹಿಂದಕ್ಕೆ ಸರಿದ.

"ಅಣ್ಣಾ! ಇದು ಮಾತಾಡಾಕತ್ತದ! ಅದೂ ನಮ್ಮ ಭಾಷಾದಾಗ!"

"ಏನು ಅಂತದ?"

"ಆಗಲ್ಲ ಅಂತದ."

"ಆಗಲ್ಲ ಅಂದ್ರ ಆಗಲ್ಲ. ನೀ ಹೋಗು, ಊಟ ಆರ್ತದ."

ಅವತ್ತು ಆರು ಗಾಡಿ ತುಂಬಿ ಬಂದವು. ಆರಕ್ಕೂ ಎರಡೂ ತೂಕದ ಚೀಟಿ ಬಂತು. ಒಂದೂ ಕಲ್ಲು ಇಳಿಯಲಿಲ್ಲ. ಕಾಕಾ ಕಿಟಕಿಗೆ ಮೂಗು ಹಚ್ಚಿ ಒಳಗೆ ನೋಡಿ, "ಎಮ್ಮಿ ಆತೇನು ಇದು?" ಎಂದ.

ಮ್ಯಾನೇಜರಿಗೆ ಸುದ್ದಿ ಮುಟ್ಟಲು ಎರಡು ದಿನ ಹಿಡಿಯಿತು. ವೈರಸ್ ಬಂದಿದೆ ಎಂದು ಓಡಿ ಬಂದರು. ವೈರಸ್ ಅಲ್ಲ, ನಾನು ಬರೆದದ್ದು ಎಂದೆ. ನಂಬಲಿಲ್ಲ. ಎಲ್ಲಿಂದ ಕದ್ದೆ ಎಂದು ಕೇಳಿದರು. ಅವರ ಎದುರಿಗೇ ಆ ಚೌಕದ ಮಾತನ್ನು ಬದಲಿಸಿ ತೋರಿಸಿದೆ. ಆಗ ಅವರ ಮುಖ ಬೇರೆಯಾಯಿತು.

"ಯಾರ ಪರ್ಮಿಷನ್ ತಗೊಂಡಿದ್ದಿ? ತೆಗೀ ಅದನ್ನ."

"ನೀವೇ ತೆಗೀರಿ ಸಾಹೇಬ್ರ. ನೀವು ಕಲ್ತವ್ರು."

ಅವರಿಗೆ ಆಗಲಿಲ್ಲ. ಸಾವುಕಾರರ ತನಕ ಹೋಯಿತು. ಸಾವುಕಾರರು ಲಾರಿ ಬೇಗ ಬೇಗ ಹೋಗುತ್ತಿದ್ದುದನ್ನು ನೋಡಿದ್ದರು. "ಇರ್ಲಿ ಬಿಡ್ರಿ, ನೋಡಮಿ" ಎಂದರು. ಹೀಗೆ ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ವಿಷಯವನ್ನು ನಾನು ಯೋಚಿಸಿರಲಿಲ್ಲ. ಹೋದ ಗಾಡಿ ವಾಪಸ್ ಬರದಿದ್ದರೆ?

ಕೊಡ್ಲಿ ಊರ ಕಡೆಯ ಡ್ರೈವರನ ಒಂದು ಲಾರಿ ಅಮಾವಾಸ್ಯೆಯ ಹಿಂದಿನ ದಿನ ಖಾಲಿ ತೂಗಿ ಖಣಿಗೆ ಹೋಯಿತು. ಕಾಕಾನ ಟೋಳಿ ಸಂಜೆಯ ತನಕ ಅದಕ್ಕೆ ಕಲ್ಲು ತುಂಬಿತು. ಕಡೆಯ ಸಾಲು ಏರಿಸುವಾಗ ಹಿಂದಿನ ಗಾಲಿಯ ಮೇಲಿನ ಸ್ಪ್ರಿಂಗಿನ ಪಾಟಾ ಮುರಿಯಿತು. ಲಾರಿ ಖಣಿಯ ಬಾಯಲ್ಲೇ ಕುಳಿತುಬಿಟ್ಟಿತು. ವಾಡಿಯ ಫಿಟರ್‌ಗೆ ಹೇಳಿ ಕಳಿಸಿದರೆ, ನಾಳೆ ಅಮಾವಾಸ್ಯೆ, ನಟ್ಟು ಬಿಚ್ಚುವ ಪಾನಾ ಮುಟ್ಟುವುದಿಲ್ಲ, ನಾಡಿದ್ದು ಬರುತ್ತೇನೆ ಎಂದ. ಅವನ ಮಾತು ತಪ್ಪಲ್ಲ. ನನ್ನ ಹಾಳೆಯಲ್ಲಿ ಆ ಒಂದು ನಂಬರ್ ಉಳಿಯಿತು. ಕಂಪ್ಯೂಟರು ಬಂದ್ ಆಗಲಿಲ್ಲ.

ಅಮಾವಾಸ್ಯೆಯ ಮುಂಜಾನೆ ಒಂಬತ್ತಕ್ಕೆ ಪೂಜೆಗೆಂದು ಎಲ್ಲರೂ ಬಂದರು. ಹಲಗೆ ತೊಳೆದಿತ್ತು. ಸುತ್ತಿಗೆ, ಹಾರೆಗಳು ಸಾಲಾಗಿ ಮಲಗಿದ್ದವು. ಕೋಣೆಯ ಬಾಗಿಲು ತೆರೆದರೆ ಕಂಪ್ಯೂಟರು ಗುಂಯ್ ಎನ್ನುತ್ತಿದೆ, ಪರದೆ ಬೆಳಗುತ್ತಿದೆ. ಮೊದಲನೇ ಪಾಳಿಯವ ಬಾಗಿಲಲ್ಲೇ ನಿಂತ. "ಅಣ್ಣ, ಅಮಾಸಿ ಅದ" ಎಂದ, ನನಗೆ ಗೊತ್ತಿಲ್ಲವೇನೋ ಎಂಬಂತೆ. ಸಾವುಕಾರರ ಕೈಯಲ್ಲಿ ಕಾಯಿ ಇತ್ತು, ಹಾಗೆಯೇ ಉಳಿಯಿತು.

ಮ್ಯಾನೇಜರಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ.

"ನೋಡ್ರಿ ಸಾವುಕಾರ್ರ, ನಿಮ್ಮ ಇಂಜಿನಿಯರ್ ಸಾಹೇಬ್ರ ಕಾರುಬಾರು! ದ್ಯಾವ್ರಿಗೂ ಬಿಡುವಿಲ್ಲ. ಏ, ಆ ನಂಬರ್ ಅಳ್ಸು. ಒಂದು ಗುಂಡಿ ಒತ್ತಿದ್ರ ಆತು."

ನಿಜ. ಒಂದು ಗುಂಡಿ ಒತ್ತಿದರೆ ಆಗುತ್ತಿತ್ತು. ನಂಬರ್ ಅಳಿಸಿ, ಕಂಪ್ಯೂಟರು ಮಲಗಿಸಿ, ಕೈ ಮುಗಿದು, ಎಲ್ಲರ ಜೊತೆ ಕಾಯಿ ತಿಂದು ಮನೆಗೆ ಹೋಗಬಹುದಿತ್ತು. ಮರುದಿನ ಆ ಲಾರಿ ಬಂದಾಗ ನಾಲ್ಕು ನೂರು ಕಲ್ಲು ಇಳಿಯುತ್ತಿದ್ದವು, ಇಷ್ಟೇ.

"ಅಳ್ಸಲ್ರಿ" ಎಂದೆ. "ಗಾಡಿ ಹಲಗಿ ಮ್ಯಾಲ ಬಂದ್ರ ಮಾತ್ರ ನಂಬರ್ ಹೋಗ್ತದ."

"ಹಂಗಾರ ನಾ ಸ್ವಿಚ್ಚೇ ತೆಗೀತೀನಿ."

ಸ್ವಿಚ್ಚಿನ ಮುಂದೆ ನನ್ನ ಮ್ಯಾಕ್ರೋ ಏನೂ ಅಲ್ಲ. ಅದು ಯಾರನ್ನೂ ಕೇಳುವುದಿಲ್ಲ. ನಾನು ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಸ್ವಿಚ್ಚಿನ ಬೋರ್ಡು ನನ್ನ ಬೆನ್ನಿನ ಹಿಂದೆ.

"ತೆಗೀರಿ. ಆದ್ರ ನಾಳೆ ನೀವೂ ಅಂಗಿ ಬಿಚ್ಚಿ ಕಲ್ಲು ಇಳ್ಸಾಕ ಬರಬೇಕು. ಎಲ್ಲಾರ ಮುಂದ ಮಾತು ಕೊಡ್ರಿ, ನಾನೇ ಸರಿದು ನಿಂದರ್ತೀನಿ."

ಮ್ಯಾನೇಜರು ಸಾವುಕಾರರ ಕಡೆ ನೋಡಿದರು. ಸಾವುಕಾರರು ಕಾಕಾನ ಕಡೆ ನೋಡಿದರು. ರಿವಾಜಿನ ವಿಷಯದಲ್ಲಿ ಅಲ್ಲಿ ಕಾಕಾನ ಮಾತೇ ಕಡೆಯದು. ಅವನು ಅಮಾವಾಸ್ಯೆಯಂದು ಮನೆಯಲ್ಲಿ ಒಲೆಯ ಕಟ್ಟಿಗೆಯನ್ನೂ ಸೀಳುತ್ತಿರಲಿಲ್ಲ. ಅವನು ಒಳಗೆ ಬಂದು ಬಹಳ ಹೊತ್ತು ಆ ಪರದೆಯನ್ನು ನೋಡಿದ. ಮ್ಯಾನೇಜರಿಗೆ ನಾನು ಎಂದೂ ಇಷ್ಟು ಹೆದರಿರಲಿಲ್ಲ. ಅವರು ಕುರ್ಚಿ ಕಿತ್ತುಕೊಳ್ಳಬಹುದು, ಅಷ್ಟೇ. ಕಾಕಾ ತಪ್ಪು ಎಂದರೆ ನಾನು ಬರೆದದ್ದೇ ಯಾರಿಗಾಗಿ?

"ನಮ್ಮ ಸುತ್ತಿಗಿ ಎಲ್ಲ ಮಲಗ್ಯಾವ" ಎಂದ ಕಾಕಾ. "ಇದ್ಯಾಕ ಎಚ್ಚರ ಅದ?"

"ಇದು ಕೆಲಸ ಮಾಡಾಕತ್ತಿಲ್ಲ ಕಾಕಾ. ನೆನಪು ಹಿಡ್ಕೊಂಡು ಕುಂತದ. ಖಣಿಯಾಗ ನಿಂತದಲ್ಲ, ನಿಮ್ಮ ಗಾಡಿ, ಅದರ ತೂಕ."

"ಮಲಗಿಸಿದ್ರ?"

"ಮರೀತದ."

ಕಾಕಾ ತನ್ನ ಎಡಗೈ ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಬೈದ.

"ನೀ ಮಾಡಿದ್ದು ತಪ್ಪು ಮಗನ. ಅಮಾಸಿ ದಿನ ಮಷೀನ್ ಚಾಲು ಇಡೋದು ಛಲೋ ಅಲ್ಲ. ಇದನ್ನ ಬರ್ಯೋಮುಂದ ಅಮಾಸಿ ನೆನಪಾಗಲಿಲ್ಲೇನು ನಿನಗ? ದೊಡ್ಡ ಶಾಣ್ಯಾ." ನಂತರ ಮೂಲೆಯಲ್ಲಿದ್ದ ಮ್ಯಾನೇಜರ ಕುರ್ಚಿಯನ್ನೇ ಬೋರ್ಡಿನ ಕೆಳಗೆ ಎಳೆದು ತಂದು ಅದರ ಮೇಲೆ ಕುಳಿತ. "ಆದ್ರ ಇಳ್ಸೋದು ನನ್ನ ಬೆನ್ನು. ಈ ಪಾಪ ನನ್ನ ಪಾಲಿಗಿರ್ಲಿ. ಪೂಜಿ ಮಾಡ್ರಿ ಸಾವುಕಾರ್ರ, ಹೊತ್ತಾಗ್ಯದ. ಸಾಹೇಬ್ರ, ನೀವು ಹೊರಗ ನಿಂದರ್ರಿ, ನಿಮಗ ಕುರ್ಚಿ ಇಲ್ಲ ಈಗ."

ಹೊರಗಿದ್ದ ಟೋಳಿಯವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಸಾವುಕಾರರು ಕಾಯಿ ಒಡೆದರು. ಹೋಗುವಾಗ ನನ್ನ ಮುಖ ನೋಡದೆ, "ನಾಳೆ ಎರಡು ಗಂಟೆಕ್ಕ ಆ ಗಾಡಿ ಹಲಗಿ ಮ್ಯಾಲ ಇಲ್ಲಂದ್ರ ನೀನೂ ಇಲ್ಲಿ ಇರಬ್ಯಾಡ" ಎಂದರು. ಆಗಲಿ ಎಂದೆ. ಕಾಕಾ ದಿನವಿಡೀ ಆ ಕುರ್ಚಿ ಬಿಡಲಿಲ್ಲ. ಕಾಯಿ ಚೂರು ತಿನ್ನುತ್ತ, ನನ್ನನ್ನು ಬೈಯುತ್ತ ಕುಳಿತ. ಅವತ್ತು ಕರೆಂಟು ಹೋಗಲಿಲ್ಲ. ಅದು ನನ್ನ ಶಾಣ್ಯಾತನ ಅಲ್ಲ, ಒಪ್ಪುತ್ತೇನೆ.

ಮರುದಿನ ಫಿಟರ್ ಬಂದ. ಮುಂಜಾನೆಯಿಂದ ನಾನೇ ಖಣಿಯ ಬಾಯಲ್ಲಿ ಅವನ ಜೊತೆ ಜ್ಯಾಕು ಹಿಡಿದು ಮಲಗಿದ್ದೆ. ಪಾಟಾ ಕೂಡಿದಾಗ ಒಂದು ಗಂಟೆ ದಾಟಿತ್ತು. ನಾನು ಡ್ರೈವರನ ಪಕ್ಕಕ್ಕೆ ಏರಿ ಕುಳಿತೆ, ಲಾರಿ ಕುಂಟುತ್ತ ಬಂತು. ಹಲಗೆಯ ಮೇಲೆ ಮುಂದಿನ ಗಾಲಿ ಏರಿದಾಗ ಭೋಂಗಾ ಇನ್ನೂ ಕೂಗಿರಲಿಲ್ಲ. ಮೊದಲನೇ ಪಾಳಿಯವ ತಾನೇ ತೂಕ ಹಿಡಿದ. ಚೀಟಿ ಕರಕರ ಎಂದು ಹೊರಬಂತು. ಎರಡೂ ತೂಕ ಇದ್ದವು, ಅಮಾವಾಸ್ಯೆಯ ಹಿಂದಿನ ದಿನದ್ದು, ಇವತ್ತಿನದ್ದು. ಡ್ರೈವರ್ ಅದನ್ನು ಮಡಚಿ ಜೇಬಿಗಿಟ್ಟು ಸೇಡಂ ರಸ್ತೆ ಹಿಡಿದ. ಟೋಳಿಯವರು ಬೇರೆ ಗಾಡಿ ತುಂಬಲು ಆಗಲೇ ಯಾರ್ಡಿಗೆ ಹೋಗಿದ್ದರು. ಇದನ್ನು ನಿಂತು ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಮ್ಯಾನೇಜರು ಸಂಜೆಗೆ ಬಂದರು, ಈ ಸಲ ಮೆತ್ತಗೆ.

"ನೋಡಪಾ, ಆದದ್ದು ಆತು. ಈಗ ಒಂದು ಕೆಲಸ ಮಾಡು. ನನಗೊಬ್ಬಂಗ ಒಂದು ಪಾಸ್‌ವರ್ಡ್ ಇಡು. ನಾ ಹಾಕಿದ್ರ ಬಂದ್ ಆಗಬೇಕು. ಮ್ಯಾನೇಜರ್ ಅಂದ ಮ್ಯಾಲ ಅಷ್ಟರ ಇರಬೇಕಲ್ಲ."

ಬರೆಯುವುದು ಕಷ್ಟವಿರಲಿಲ್ಲ. ಅರ್ಧ ತಾಸಿನ ಕೆಲಸ.

"ನನಗೂ ಇಟ್ಕೊಂಡಿಲ್ರಿ ಸಾಹೇಬ್ರ" ಎಂದೆ.

"ಸಾವುಕಾರ್ರಿಗೆ ಹೇಳ್ತೀನಿ ಮತ್ತ."

"ಹೇಳ್ರಿ."

ಅವರು ಇನ್ನೇನೋ ಹೇಳುವವರಿದ್ದರು. ಹೊರಗೆ ಒಂದು ಖಾಲಿ ಲಾರಿ ಹಾರ್ನ್ ಹಾಕಿತು. ನಾನು ಅವರಿಗೆ ಬೆನ್ನು ತಿರುಗಿಸಿ ಅದರ ನಂಬರ್ ಹಾಳೆಯಲ್ಲಿ ಹಾಕಿದೆ.